ಆಸ್ತಿ ತೆರಿಗೆ ಬಾಕಿ ವಸೂಲಿ: ಯಾದಗಿರಿ, ಶಹಾಪುರ, ಸುರಪುರ ನಗರಸಭೆಗಳ ನೆಲೆಯಲ್ಲಿ

ನಗರಸಭೆ, ಪುರಸಭೆ, ಗ್ರಾಮ ಪಂಚಾಯಿತಿಗಳು ತಮ್ಮ ವ್ಯಾಪ್ತಿಯ ಮನೆ, ಮಳಿಗೆ, ಗೋದಾಮು, ಖಾಲಿ ನಿವೇಶನಗಳ ಮೇಲೆ ವರ್ಷಕ್ಕೊಮ್ಮೆ ಹಾಕುವ ಕರವೇ ಆಸ್ತಿ ತೆರಿಗೆ. ಆಯಾ ವರ್ಷ ಕಟ್ಟದೆ ಉಳಿದದ್ದು ಹಿಂಬಾಕಿಯಾಗಿ ಮುಂದಿನ ವರ್ಷದ ಲೆಕ್ಕಕ್ಕೆ ಸೇರುತ್ತದೆ, ಅದರ ಮೇಲೆ ತಿಂಗಳು ತಿಂಗಳೂ ದಂಡ ಏರುತ್ತದೆ. ಬೀದಿದೀಪ, ಚರಂಡಿ, ಕಸ ವಿಲೇವಾರಿ, ಕುಡಿಯುವ ನೀರು, ಒಳರಸ್ತೆ ಇವೆಲ್ಲ ನಡೆಯಲು ಸ್ಥಳೀಯ ಸಂಸ್ಥೆಯ ಕೈಯಲ್ಲಿರುವ ಸ್ವಂತ ದುಡ್ಡಿನ ಮುಖ್ಯ ಮೂಲ ಇದೇ. ಉಳಿದದ್ದು ಬೆಂಗಳೂರಿನಿಂದಲೋ ದೆಹಲಿಯಿಂದಲೋ ಬರುವ ಅನುದಾನ. ಅನುದಾನ ಯಾವ ಕೆಲಸಕ್ಕೆ ಎಂಬುದು ಬಹುಪಾಲು ಮೊದಲೇ ನಿಗದಿಯಾಗಿರುತ್ತದೆ. ಕೆಟ್ಟ ಪಂಪನ್ನು ಇಂದೇ ರಿಪೇರಿ ಮಾಡಿಸಬೇಕೆಂದರೆ ಬೇಕಾಗುವುದು ಊರಿನವರೇ ಕಟ್ಟಿದ ಕರದ ಹಣ.

ಯಾದಗಿರಿ ಜಿಲ್ಲೆ 2009ರ ಡಿಸೆಂಬರ್ 30ರಂದು ಗುಲ್ಬರ್ಗ ಜಿಲ್ಲೆಯಿಂದ ಬೇರ್ಪಟ್ಟು ರಾಜ್ಯದ 30ನೇ ಜಿಲ್ಲೆಯಾಯಿತು. ಆಗ ಅದಕ್ಕಿದ್ದದ್ದು ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರೇ ತಾಲ್ಲೂಕುಗಳು. ಗುರುಮಠಕಲ್, ಹುಣಸಗಿ, ವಡಗೇರಾ ಆಮೇಲೆ ಸೇರಿದವು. ಹಳೆಯ ಮೂರೂ ತಾಲ್ಲೂಕು ಕೇಂದ್ರಗಳು ಇಂದು ನಗರಸಭೆಗಳಾಗಿವೆ. 2011ರ ಜನಗಣತಿಯಲ್ಲಿ ಯಾದಗಿರಿ ಪಟ್ಟಣದಲ್ಲಿ ಸುಮಾರು 74 ಸಾವಿರ, ಶಹಾಪುರದಲ್ಲಿ 53 ಸಾವಿರ, ಸುರಪುರದಲ್ಲಿ 51 ಸಾವಿರ ಜನರಿದ್ದರು. ರಾಜ್ಯದಲ್ಲಿ ಪಟ್ಟಣವೊಂದು ಪುರಸಭೆಯಿಂದ ನಗರಸಭೆಗೆ ಏರಲು 50 ಸಾವಿರ ಜನಸಂಖ್ಯೆ ಬೇಕು. ಶಹಾಪುರ, ಸುರಪುರಗಳು ಆ ಗೆರೆಯನ್ನು ಈಚೆಗಷ್ಟೇ ದಾಟಿದ ಊರುಗಳು. ದರ್ಜೆ ಏರಿ ಪೌರಾಯುಕ್ತರ ಹುದ್ದೆಯೂ 31 ವಾರ್ಡುಗಳೂ ಬಂದರೂ ಕರ ಕಟ್ಟುವವರು ಅದೇ ಸಣ್ಣ ವ್ಯಾಪಾರಿಗಳು, ನೌಕರರು, ರೈತರು, ಕೂಲಿಕಾರರು. ಇಂಥ ಊರುಗಳಲ್ಲಿ ಬಾಕಿ ಬೆಳೆಯುವುದು ಜನರ ಹಟದಿಂದಲ್ಲ, ಹೆಚ್ಚಾಗಿ ನಗರಸಭೆಯ ದಾಖಲೆ ಕೆಟ್ಟಿರುವುದರಿಂದ ಮತ್ತು ಬಿಲ್ಲು ಹೊತ್ತಿಗೆ ಸರಿಯಾಗಿ ಮನೆ ತಲುಪದಿರುವುದರಿಂದ. ಜಪ್ತಿ, ಹರಾಜಿನ ಮಾತು ಆ ಎರಡನ್ನೂ ಸರಿಪಡಿಸಿದ ಮೇಲಿನದು.

ಬಾಕಿಯ ಕಥೆ ಈ ಸೀಮೆಗೆ ಹೊಸದೂ ಅಲ್ಲ. ಸುರಪುರದ ನಾಯಕ ಸಂಸ್ಥಾನ ನಿಜಾಮರಿಗೆ ಕೊಡಬೇಕಿದ್ದ ಕಪ್ಪ, ನಜರಾಣೆಗಳ ಬಾಕಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸಿಕ್ಕಿಕೊಂಡಿತ್ತು. 1841ರಲ್ಲಿ ಅಲ್ಲಿಗೆ ಬಂದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್, ಬಾಲಕ ರಾಜ ವೆಂಕಟಪ್ಪ ನಾಯಕ ಪ್ರಾಪ್ತವಯಸ್ಕನಾಗುವವರೆಗೆ ಆಡಳಿತ ನೋಡಿಕೊಂಡು, ಸಂಸ್ಥಾನದ ಲೆಕ್ಕಪತ್ರಗಳನ್ನು ಹಳಿಗೆ ತಂದು 1853ರಲ್ಲಿ ಅಧಿಕಾರ ಒಪ್ಪಿಸಿದ. ಅವನು ಕಟ್ಟಿಸಿದ ಟೇಲರ್ ಮಂಜಿಲ್ ಸುರಪುರದ ಗುಡ್ಡದ ಮೇಲೆ ಈಗಲೂ ಇದೆ. 1858ರ ಬಂಡಾಯದಲ್ಲಿ ವೆಂಕಟಪ್ಪ ನಾಯಕನ ಬದುಕು ಮುಗಿಯಿತು, ಸಂಸ್ಥಾನವೂ ಹೋಯಿತು. ಆ ಕಪ್ಪಕ್ಕೂ ಇಂದಿನ ಆಸ್ತಿ ತೆರಿಗೆಗೂ ನೇರ ಸಂಬಂಧವಿಲ್ಲ. ಕಪ್ಪ ಹೊರಗಿನ ದೊರೆಗೆ ಹೋಗುತ್ತಿತ್ತು. ಆಸ್ತಿ ತೆರಿಗೆ ಸಂಗ್ರಹವಾದ ಊರಿನಲ್ಲೇ ಖರ್ಚಾಗಬೇಕಾದ ಹಣ. ಈ ವ್ಯತ್ಯಾಸ ಜನರ ಕಣ್ಣಿಗೆ ಕಾಣದಿದ್ದರೆ ಅವರ ಮಟ್ಟಿಗೆ ಎರಡೂ ಒಂದೇ ಆಗುತ್ತವೆ.

ಕಾನೂನಿನ ಚೌಕಟ್ಟು

ಮೂರೂ ನಗರಸಭೆಗಳು ನಡೆಯುವುದು 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮದಡಿ. ಹಿಂದೆ ಮನೆಯ ವಾರ್ಷಿಕ ಬಾಡಿಗೆ ಮೌಲ್ಯವನ್ನು ಅಂದಾಜು ಮಾಡಿ ಕರ ಹಾಕುತ್ತಿದ್ದರು. ಅಂದಾಜು ಮಾಡುವವನ ಮರ್ಜಿಗೆ ಅಲ್ಲಿ ಬಹಳ ಜಾಗವಿತ್ತು. 2001ರ ತಿದ್ದುಪಡಿಯ ನಂತರ, 2002ರ ಏಪ್ರಿಲ್‌ನಿಂದ ಬಂಡವಾಳ ಮೌಲ್ಯದ ಮೇಲೆ ಮಾಲೀಕರೇ ಲೆಕ್ಕ ಹಾಕಿ ಕಟ್ಟುವ ಸ್ವಯಂ ಘೋಷಿತ ಪದ್ಧತಿ ಬಂತು. ಬೆಂಗಳೂರು ಮಹಾನಗರ ಪಾಲಿಕೆ ಇದನ್ನು ತನ್ನದೇ ರೀತಿಯಲ್ಲಿ 2000ದಲ್ಲೇ ಆರಂಭಿಸಿ, ಸಂಗ್ರಹದಲ್ಲಿ ಒಳ್ಳೆಯ ಏರಿಕೆ ಕಂಡಿತ್ತು. 2021ರಲ್ಲಿ ಮತ್ತೆ ತಿದ್ದುಪಡಿಯಾಗಿ, ಆಸ್ತಿ ನೋಂದಣಿಗೆ ಸರ್ಕಾರ ಗೊತ್ತುಮಾಡುವ ಚಾಲ್ತಿ ಮಾರ್ಗಸೂಚಿ ದರದ ಶೇ 25ರಷ್ಟನ್ನು ತೆರಿಗೆಯ ಆಧಾರವಾಗಿ ಹಿಡಿಯುವ ಕ್ರಮ ಜಾರಿಯಾಯಿತು. ಹಾಗಾಗಿ 2023ರ ಅಕ್ಟೋಬರ್‌ನಲ್ಲಿ ಆದಂತೆ ರಾಜ್ಯ ಸರ್ಕಾರ ಮಾರ್ಗಸೂಚಿ ದರ ಪರಿಷ್ಕರಿಸಿದಾಗ ಅದರ ಬಿಸಿ ಮನೆಯ ಕರಕ್ಕೂ ತಟ್ಟುತ್ತದೆ.

ಆರ್ಥಿಕ ವರ್ಷ ಶುರುವಾದ ಏಪ್ರಿಲ್‌ನಲ್ಲಿ ಕಟ್ಟಿದವರಿಗೆ ಶೇ 5 ರಿಯಾಯಿತಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ ಶೇ 2 ದಂಡ. ಕರದ ಜೊತೆಗೆ ಉಪಕರಗಳೂ ಸೇರುತ್ತವೆ: ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಈ ಮೂರನ್ನು ನಗರಸಭೆ ಬೇರೆಯವರ ಪರವಾಗಿ ಸಂಗ್ರಹಿಸಿ ದಾಟಿಸಬೇಕು. ನೂರು ರೂಪಾಯಿ ಕರ ಬಾಕಿ ಉಳಿದರೆ ಊರಿನ ಗ್ರಂಥಾಲಯಕ್ಕೆ ಬರಬೇಕಾದ ಆರು ರೂಪಾಯಿಯೂ ಬಾಕಿ ಉಳಿದಂತೆ. ಬಾಕಿಯ ಚರ್ಚೆಯಲ್ಲಿ ಈ ಮಾತು ಎಲ್ಲೂ ಬರುವುದಿಲ್ಲ, ಬರಬೇಕು.

ತಿಂಗಳಿಗೆ ಶೇ 2 ಎಂದರೆ ಕೇಳಲು ಸಣ್ಣದು, ವರ್ಷಕ್ಕೆ ಶೇ 24. ವರ್ಷಕ್ಕೆ 1,000 ರೂಪಾಯಿ ಕರ ಬೀಳುವ ಮನೆಯವರು ಒಂದು ವರ್ಷದ್ದನ್ನು ಬಿಟ್ಟು 50 ತಿಂಗಳು ಕಳೆದರೆ ದಂಡವೇ ಇನ್ನೊಂದು 1,000 ಆಗುತ್ತದೆ. ಅದೇ ಮನೆಯವರು ಹತ್ತು ವರ್ಷ ಕಟ್ಟಲೇ ಇಲ್ಲವೆಂದುಕೊಳ್ಳಿ. ದಂಡ ಮೂಲ ಕರದ ಮೇಲೆ ಮಾತ್ರ ಬೀಳುತ್ತದೆಂದು ಹಿಡಿದರೂ 10,000 ರೂಪಾಯಿ ಕರಕ್ಕೆ 12,600 ರೂಪಾಯಿ ದಂಡ ಕೂಡಿ ಒಟ್ಟು 22,600 ಆಗುತ್ತದೆ. ಉಪಕರ ಬೇರೆ. ಮೊದಲ ವರ್ಷ ನೆನಪಿಸಿದ್ದರೆ ಸಂತೆಯ ಖರ್ಚಿನ ಜೊತೆಗೇ ಮುಗಿದುಹೋಗುತ್ತಿದ್ದ ಮೊತ್ತ, ಹತ್ತು ವರ್ಷದ ಮೇಲೆ ಸಾಲ ಮಾಡದೆ ಕಟ್ಟಲಾಗದ ಮೊತ್ತವಾಗಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಆ ಕುಟುಂಬ ನಗರಸಭೆಯ ಕಡೆಗೇ ಹಾಯುವುದಿಲ್ಲ. ಬಾಕಿ ವಸೂಲಿಯಲ್ಲಿ ಮೊದಲ ಹನ್ನೆರಡು ತಿಂಗಳು ಯಾಕೆ ಮುಖ್ಯ ಎಂಬುದಕ್ಕೆ ಈ ಲೆಕ್ಕವೇ ಸಾಕು.

ಬಾಕಿ ಹುಟ್ಟುವುದು ಎಲ್ಲಿ

ನಗರಸಭೆಯ ಕಂದಾಯ ಶಾಖೆಯಲ್ಲಿ ಪ್ರತಿವರ್ಷ ಸಿದ್ಧವಾಗುವ ಮುಖ್ಯ ಕಾಗದ ಬೇಡಿಕೆ, ವಸೂಲಿ, ಬಾಕಿ ಪಟ್ಟಿ. ಅಧಿಕಾರಿಗಳ ಬಾಯಲ್ಲಿ ಅದು ಡಿಸಿಬಿ. ಈ ಪಟ್ಟಿಯ ಬಾಕಿ ಕಲಮು ನಿಜವಾದ ಬಾಕಿಯೇ ಎಂಬುದು ಮೊದಲು ಕೇಳಬೇಕಾದ ಪ್ರಶ್ನೆ. ಒಂದೇ ಮನೆಗೆ ಎರಡು ಸಂಖ್ಯೆ ಬಿದ್ದಿರುವುದು, ಬಿದ್ದುಹೋದ ಮನೆಯ ಮೇಲೆ ಕರ ಓಡುತ್ತಲೇ ಇರುವುದು, ಅಜ್ಜನ ಹೆಸರಿನ ಮನೆ ನಾಲ್ವರು ಮೊಮ್ಮಕ್ಕಳಲ್ಲಿ ಹಂಚಿಹೋಗಿದ್ದರೂ ಖಾತೆ ಮಾತ್ರ ಅಜ್ಜನ ಹೆಸರಿನಲ್ಲೇ ಉಳಿದಿರುವುದು, ಕಟ್ಟಿದ ಚಲನ್ ಪುಸ್ತಕಕ್ಕೆ ಏರದಿರುವುದು, ಇವೆಲ್ಲ ರಾಜ್ಯದ ಸಣ್ಣ ಪಟ್ಟಣಗಳಲ್ಲಿ ಸಾಮಾನ್ಯ. ಇನ್ನೊಂದು ಕಡೆ ಪಟ್ಟಿಯಲ್ಲೇ ಇಲ್ಲದ ಕಟ್ಟಡಗಳು. ತಳಮಹಡಿಗೆ ಮಾತ್ರ ಕರ ಬೀಳುತ್ತಿದ್ದು ಮೇಲೆ ಎರಡು ಮಹಡಿ ಎದ್ದಿರುತ್ತವೆ. ಮನೆಯೆಂದು ಬರೆದದ್ದು ಈಗ ಅಂಗಡಿಯಾಗಿರುತ್ತದೆ.

ಯಾದಗಿರಿಯಂಥ ಊರಿಗೆ ಈ ಎರಡನೆಯ ಕೊರತೆ ಹೆಚ್ಚು ದುಬಾರಿ. ಜಿಲ್ಲಾ ಕೇಂದ್ರವಾದ ಮೇಲೆ ಊರಿಗೆ ಕಚೇರಿಗಳು ಬಂದವು, ವೈದ್ಯಕೀಯ ಕಾಲೇಜು ಬಂತು. ನೌಕರರು ಬಂದರೆ ಬಾಡಿಗೆ ಮನೆ, ಲಾಡ್ಜು, ಕಲ್ಯಾಣ ಮಂಟಪಗಳು ಹಿಂದೆಯೇ ಬರುತ್ತವೆ. ಊರಂಚಿನ ಹೊಲಗಳು ನಿವೇಶನಗಳಾಗುತ್ತವೆ. ಅವುಗಳಲ್ಲಿ ಸರಿಯಾಗಿ ಕೃಷಿಯೇತರವಾಗಿ ನಕ್ಷೆ ಮಂಜೂರಾದವು ಎಷ್ಟೋ, ಕಂದಾಯ ಭೂಮಿಯಲ್ಲೇ ಮಾರಿದವು ಎಷ್ಟೋ. ಎರಡನೆಯ ಬಗೆಯವಕ್ಕೆ ಬಹಳ ಕಾಲ ಖಾತೆಯೇ ಸಿಗುತ್ತಿರಲಿಲ್ಲ. ಖಾತೆ ಇಲ್ಲವೆಂದು ಕರವೂ ಬರುತ್ತಿರಲಿಲ್ಲ. ರಸ್ತೆ, ದೀಪ, ನೀರು ಮಾತ್ರ ನಗರಸಭೆಯೇ ಕೊಡಬೇಕು. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನ ಹೊರಗಿನ ನಗರ ಸ್ಥಳೀಯ ಸಂಸ್ಥೆಗಳಲ್ಲೂ ಇಂಥ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನ ಆರಂಭಿಸಿತು. ಒಂದು ಬಾರಿ ದುಪ್ಪಟ್ಟು ತೆರಿಗೆ, ಮುಂದಿನ ವರ್ಷದಿಂದ ಎಲ್ಲರಂತೆ. ಅಕ್ರಮ ಬಡಾವಣೆಗೆ ಇದು ಪ್ರೋತ್ಸಾಹವಾಗುತ್ತದೆಂಬ ಟೀಕೆಯಲ್ಲಿ ಹುರುಳಿದೆ. ಆದರೆ ಈಗಾಗಲೇ ಸಂಸಾರಗಳು ನೆಲೆಸಿದ ಮನೆಗಳನ್ನು ಪಟ್ಟಿಯ ಹೊರಗೇ ಇಟ್ಟುಕೊಂಡು ನಗರಸಭೆ ನಡೆಸಲಾಗದು ಎಂಬ ವಾದ ಅದಕ್ಕಿಂತ ಗಟ್ಟಿಯಾದದ್ದು.

ಇನ್ನು ಅಕ್ಷರದ ಪ್ರಶ್ನೆ. 2011ರ ಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕೊನೆಯ ಸ್ಥಾನ. ರಾಜ್ಯದ ಸರಾಸರಿ ಶೇ 75ಕ್ಕೂ ಮೇಲಿತ್ತು. ಪಟ್ಟಣಗಳ ಪ್ರಮಾಣ ಹಳ್ಳಿಗಳಿಗಿಂತ ಉತ್ತಮವೇ ಇರುತ್ತದೆ. ಆದರೂ ಮಾರ್ಗಸೂಚಿ ದರ, ಕಟ್ಟಡದ ಚದರಡಿ, ಸವಕಳಿ, ಉಪಕರ ಎಲ್ಲವನ್ನೂ ಮಾಲೀಕರೇ ತುಂಬಬೇಕಾದ ಅರ್ಜಿ ಇಲ್ಲಿ ಎಷ್ಟು ಜನಕ್ಕೆ ನಿಜವಾಗಿ ಸ್ವಯಂ ಘೋಷಣೆಯಾಗಿರಲು ಸಾಧ್ಯ? ಅರ್ಜಿ ತುಂಬಿಸಿಕೊಳ್ಳಲು ಮಧ್ಯವರ್ತಿಯ ಕೈಹಿಡಿಯಬೇಕಾದ ಬಡವರಿಗೆ ಕರದ ಜೊತೆ ಇನ್ನೊಂದು ಖರ್ಚು. ಬೆಂಗಳೂರಿನ ಸಾಕ್ಷರ ಮಧ್ಯಮ ವರ್ಗವನ್ನು ಕಣ್ಣೆದುರಿಗಿಟ್ಟು ರೂಪಿಸಿದ ಪದ್ಧತಿ ಸುರಪುರದ ಓಣಿಗೆ ಹಾಗೆಯೇ ಹೊಂದುವುದಿಲ್ಲ. ಇಲ್ಲಿ ನಗರಸಭೆಯೇ ಲೆಕ್ಕ ಹಾಕಿ, ಮೊತ್ತ ಬರೆದ ಬಿಲ್ಲನ್ನು ಮನೆಗೆ ಮುಟ್ಟಿಸಿ, ಒಪ್ಪದವರು ತಿದ್ದಿಸಿಕೊಳ್ಳಲು ದಾರಿ ಇಡುವುದೇ ಸರಿ.

ಮೂರನೆಯದು ಗುಳೆ. ಸುಗ್ಗಿ ಮುಗಿದ ಮೇಲೆ ಈ ಜಿಲ್ಲೆಯ ಸಾವಿರಾರು ಕುಟುಂಬಗಳು ಬೆಂಗಳೂರು, ಹೈದರಾಬಾದ್, ಮುಂಬೈ, ಪುಣೆಗಳ ಕಟ್ಟಡ ಕೆಲಸಕ್ಕೆ ಹೋಗಿ ಮುಂಗಾರಿನ ಹೊತ್ತಿಗೆ ಮರಳುತ್ತವೆ. ರಿಯಾಯಿತಿಯ ಏಪ್ರಿಲ್ ತಿಂಗಳಲ್ಲಿ ಅವರ ಮನೆಗಳಿಗೆ ಬೀಗ. ಬಿಲ್ ಕಲೆಕ್ಟರ್ ಬಂದು ಬೀಗ ನೋಡಿ ಹೋಗುತ್ತಾನೆ. ಅವರು ಊರಿಗೆ ಬರುವಾಗ ರಿಯಾಯಿತಿ ಮುಗಿದು ದಂಡ ಆರಂಭವಾಗುವ ಹೊತ್ತು. ಹತ್ತಿ, ತೊಗರಿ ಮಾರಿದ ಹಣ ಕೈಗೆ ಬರುವುದು ಚಳಿಗಾಲದಲ್ಲಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರಿರುವ ಶಹಾಪುರ, ಸುರಪುರ ಸೀಮೆಯಲ್ಲಿ ಬೇಸಿಗೆ ಭತ್ತದ ದುಡ್ಡು ಬರುವುದು ಏಪ್ರಿಲ್, ಮೇ ಸುಮಾರಿಗೆ. ಕರದ ಕ್ಯಾಲೆಂಡರಿಗೂ ದುಡಿಮೆಯ ಕ್ಯಾಲೆಂಡರಿಗೂ ಹೊಂದಾಣಿಕೆಯಿಲ್ಲ. ಹತ್ತಿಯ ಹಂಗಾಮಿನಲ್ಲಿ ಒಂದು, ಭತ್ತದ ಹಂಗಾಮಿನಲ್ಲಿ ಒಂದು ವಸೂಲಿ ಶಿಬಿರ ನಡೆಸುವುದಕ್ಕೆ, ಊರು ಬಿಟ್ಟು ಹೋದವರ ಮೊಬೈಲಿಗೆ ಬಿಲ್ಲು ಕಳಿಸುವುದಕ್ಕೆ ಯಾವ ಕಾನೂನು ತಿದ್ದುಪಡಿಯೂ ಬೇಕಿಲ್ಲ.

ಪಟ್ಟಿ ಸರಿಪಡಿಸುವ ಕೆಲಸ

ಕರ್ನಾಟಕ ಈ ಕೆಲಸಕ್ಕೆ ಇಪ್ಪತ್ತು ವರ್ಷಗಳ ಹಿಂದೆಯೇ ಕೈಹಾಕಿದೆ. ನಿರ್ಮಲ ನಗರ ಯೋಜನೆಯಲ್ಲಿ 57 ಪಟ್ಟಣಗಳ ಆಸ್ತಿಗಳನ್ನು ಸಮೀಕ್ಷೆ ಮಾಡಿ, ನಕ್ಷೆಗೆ ಜೋಡಿಸಿ ‘ಆಸ್ತಿ’ ಎಂಬ ತಂತ್ರಾಂಶಕ್ಕೆ ಏರಿಸುವ ಕೆಲಸ ನಡೆಯಿತು. ಮುಂದೆ ಉಳಿದ ಪಟ್ಟಣಗಳಿಗೂ ಅದು ವಿಸ್ತರಿಸಿತು. ಈಗಿನ ಇ-ಆಸ್ತಿ ಅದರ ಮುಂದುವರಿಕೆ. 2024ರ ಅಕ್ಟೋಬರ್‌ನಿಂದ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿರುವುದರಿಂದ, ಮಾರಬೇಕೆನ್ನುವವರು ಮೊದಲು ಬಾಕಿ ತೀರಿಸಿ ನಮೂನೆ-3 ಪಡೆಯಬೇಕು. ಉಪನೋಂದಣಾಧಿಕಾರಿ ಕಚೇರಿಯ ಬಾಗಿಲಲ್ಲಿ ವಸೂಲಾಗುವ ಬಾಕಿ ಇದು. ವಸೂಲಿಗೆ ಇಷ್ಟು ಪರಿಣಾಮಕಾರಿ ಸಾಧನ ಹಿಂದೆ ನಗರಸಭೆಗಳ ಕೈಗೆ ಸಿಕ್ಕಿರಲಿಲ್ಲ. ಆದರೆ ಇದು ಹಿಡಿಯುವುದು ಮಾರುವವರನ್ನು, ಬ್ಯಾಂಕ್ ಸಾಲ ತೆಗೆಯುವವರನ್ನು ಮಾತ್ರ. ಎರಡು ತಲೆಮಾರಿನಿಂದ ಅದೇ ಮನೆಯಲ್ಲಿರುವವರನ್ನು ಇದು ಮುಟ್ಟುವುದಿಲ್ಲ.

ಅವರಿಗಾಗಿ ವಾರ್ಡ್ ಮಟ್ಟದ ಖಾತಾ ಶಿಬಿರ ಬೇಕು. ವಂಶಾವಳಿ, ಮರಣ ಪ್ರಮಾಣಪತ್ರ, ಹಳೆಯ ರಸೀದಿ ಹಿಡಿದು ಬಂದವರಿಗೆ ಅಲ್ಲೇ ಅರ್ಜಿ ಪಡೆದು, ವಾರಸುದಾರರ ಹೆಸರಿಗೆ ಖಾತೆ ಬದಲಿಸಿ, ಬಾಕಿಯನ್ನು ಪಾಲಿನಂತೆ ಹಂಚಿಕೊಡುವ ಶಿಬಿರ. ಅಣ್ಣತಮ್ಮಂದಿರ ಮನೆಯ ಬಾಕಿ ಬಹುಮಟ್ಟಿಗೆ ಉಳಿಯುವುದು ಯಾರು ಎಷ್ಟು ಕಟ್ಟಬೇಕೆಂದು ತಿಳಿಯದೆ. ಅದೇ ಶಿಬಿರದಲ್ಲಿ ಸುಳ್ಳು ಬಾಕಿಗಳನ್ನೂ ಕಿತ್ತುಹಾಕಬೇಕು. ಎರಡು ಬಾರಿ ಬರೆದ ಸಂಖ್ಯೆ, ಇಲ್ಲವಾದ ಮನೆ, ಪುಸ್ತಕಕ್ಕೆ ಏರದ ರಸೀದಿ ಸಿಕ್ಕಿದಲ್ಲೆಲ್ಲ ಸ್ಥಳ ಪರಿಶೀಲಿಸಿ, ಸಭೆಯ ಮುಂದಿಟ್ಟು, ಕಾರಣ ಬರೆದು ತೆಗೆಯಬೇಕು. ಬಾಕಿಯ ಅಂಕಿ ಇಳಿಸಿದರೆ ಬರಬೇಕಾದ ಹಣ ಬಿಟ್ಟುಕೊಟ್ಟೆವೆಂದು ಮೇಲಿನವರು ತಪ್ಪು ತಿಳಿದಾರೆಂಬ ಅಂಜಿಕೆಯಿಂದ ಅಧಿಕಾರಿಗಳು ಇದಕ್ಕೆ ಮುಂದಾಗುವುದಿಲ್ಲ. ಎಂದೂ ಬಾರದ ಹಣವನ್ನು ಬರಬೇಕಾದ ಹಣವೆಂದು ವರ್ಷ ವರ್ಷ ಆಯವ್ಯಯದಲ್ಲಿ ತೋರಿಸುವುದಕ್ಕಿಂತ ಈ ಅಂಜಿಕೆ ಬಿಡುವುದು ಲೇಸು.

ಬಿಲ್ಲಿನ ಮೇಲೆ ಏನು ಬರೆಯಬೇಕೆಂಬುದೂ ಸಣ್ಣ ವಿಷಯವಲ್ಲ. ಅರ್ಜೆಂಟೀನಾದ ಹುನಿನ್ ಎಂಬ ಪಟ್ಟಣದಲ್ಲಿ 2011ರಲ್ಲಿ ಸುಮಾರು 23,000 ತೆರಿಗೆದಾರರ ಬಿಲ್ಲಿನ ಮೇಲೆ ಬೇರೆ ಬೇರೆ ಸಂದೇಶ ಅಚ್ಚುಹಾಕಿ ಪರೀಕ್ಷಿಸಿದರು. ನಿಮ್ಮ ಹಣದಿಂದ ಇಷ್ಟು ಬೀದಿದೀಪ ಬಂತು ಎಂಬ ಸಾಲು, ಊರಿನಲ್ಲಿ ಇಷ್ಟು ಜನ ಕಟ್ಟಿಲ್ಲ ಎಂಬ ಸಾಲು ಒಟ್ಟಾರೆ ಫಲ ಕೊಡಲಿಲ್ಲ. ಕಟ್ಟದಿದ್ದರೆ ಎಷ್ಟು ದಂಡ, ಕಾನೂನು ಕ್ರಮ ಏನು ಎಂದು ಸ್ಪಷ್ಟವಾಗಿ ಬರೆದದ್ದು ಮಾತ್ರ ಕಟ್ಟುವವರ ಪ್ರಮಾಣವನ್ನು ಸುಮಾರು 4–5 ಶೇಕಡಾವಾರು ಅಂಶ ಏರಿಸಿತು. ಮೂಲ ಕರ, ದಂಡ, ಉಪಕರ, ಇನ್ನು ಒಂದು ವರ್ಷ ತಡೆದರೆ ಆಗುವ ಮೊತ್ತ, ಈ ನಾಲ್ಕನ್ನೂ ದಪ್ಪಕ್ಷರದ ಕನ್ನಡದಲ್ಲಿ ಬರೆದ ಬಿಲ್ಲು ಯಾದಗಿರಿಗೂ ಒಗ್ಗುತ್ತದೆ. ಓದಲು ಬಾರದವರಿಗೆ ಓದಿ ಹೇಳುವವರು ಜೊತೆಗಿರಬೇಕು, ಅಷ್ಟೆ.

ಯಾರು ವಸೂಲಿ ಮಾಡಬೇಕು

ಕರ ವಸೂಲಿಗಾರರ ಹುದ್ದೆಗಳು ಖಾಲಿ ಇರುವುದು, ಇರುವವರ ಮೇಲೆ ನೀರಿನ ಬಿಲ್ಲು, ಸಮೀಕ್ಷೆ, ಚುನಾವಣೆ ಕೆಲಸ ಬೀಳುವುದು ರಾಜ್ಯದುದ್ದಕ್ಕೂ ಕೇಳುವ ದೂರು. ಅವರಿಗೆ ವಸೂಲಿಯ ಮೇಲೆ ಬಹುಮಾನ ಕೊಟ್ಟರೆ ಏನಾಗುತ್ತದೆಂಬುದಕ್ಕೆ ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದಲ್ಲಿ ದೊಡ್ಡ ಪ್ರಯೋಗ ನಡೆದಿದೆ. ಅದನ್ನು ನಡೆಸಿದ ಅರ್ಥಶಾಸ್ತ್ರಜ್ಞರು ಅದ್ನಾನ್ ಖಾನ್, ಆಸಿಮ್ ಖ್ವಾಜಾ ಮತ್ತು ಬೆಂಜಮಿನ್ ಓಲ್ಕೆನ್. ಬಹುಮಾನವಿದ್ದ ಕಡೆ ಆದಾಯದ ಬೆಳವಣಿಗೆ ಉಳಿದೆಡೆಗಿಂತ ಶೇ 46ರಷ್ಟು ಹೆಚ್ಚಿತ್ತು. ಜೊತೆಗೆ, ಮೌಲ್ಯಮಾಪನ ಬದಲಾಗದ ಮನೆಗಳವರು ಮೊದಲಿಗಿಂತ ಹೆಚ್ಚು ಲಂಚ ತೆರಬೇಕಾಯಿತೆಂದೂ ಆ ಅಧ್ಯಯನವೇ ಹೇಳುತ್ತದೆ. ಬಹುಮಾನ ಕೊಡುವುದಾದರೆ ನಗದು ಮುಟ್ಟದ ವ್ಯವಸ್ಥೆ, ಕ್ಯೂಆರ್ ಕೋಡು, ಸ್ಥಳದಲ್ಲೇ ಮುದ್ರಿತ ರಸೀದಿ ಮೊದಲು ಬರಬೇಕೆಂಬುದು ಇದರಿಂದ ಕಲಿಯಬೇಕಾದ ಪಾಠ.

ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಕನಂಗಾ ನಗರದಲ್ಲಿ 2018ರಲ್ಲಿ ಇನ್ನೊಂದು ಪರೀಕ್ಷೆಯಾಯಿತು. ಕೆಲವು ಬಡಾವಣೆಗಳಲ್ಲಿ ಸರ್ಕಾರಿ ವಸೂಲಿಗಾರರು, ಇನ್ನು ಕೆಲವು ಕಡೆ ಆ ಓಣಿಯ ಮುಖ್ಯಸ್ಥರೇ ಕರ ಎತ್ತಿದರು. ಮುಖ್ಯಸ್ಥರು ಎತ್ತಿದಲ್ಲಿ ಆದಾಯ ಶೇ 44ರಷ್ಟು ಹೆಚ್ಚು ಬಂತು. ಯಾವ ಮನೆಯವರಿಗೆ ಕಟ್ಟುವ ಶಕ್ತಿಯಿದೆ, ಯಾರಿಗೆ ಸದ್ಯಕ್ಕಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನಮ್ಮಲ್ಲಿ ಓಣಿಯ ಹಿರಿಯರ ಕೈಗೆ ಕರದ ದುಡ್ಡು ಕೊಡುವುದು ಜಾತಿ, ಪಕ್ಷಗಳ ಕಾರಣಕ್ಕೆ ಸರಿಹೋಗದು. ಮಹಿಳಾ ಸ್ವಸಹಾಯ ಸಂಘಗಳು ಆ ಜಾಗ ತುಂಬಬಲ್ಲವು. ಒಡಿಶಾದ ಪಟ್ಟಣಗಳಲ್ಲಿ ‘ಜಲಸಾಥಿ’ ಹೆಸರಿನ ಸಂಘದ ಮಹಿಳೆಯರು ಮನೆಮನೆಗೆ ಹೋಗಿ ನೀರಿನ ಬಿಲ್ಲು ಕೊಟ್ಟು ಹಣ ಸಂಗ್ರಹಿಸುತ್ತಾರೆ, ಕಮಿಷನ್ ಪಡೆಯುತ್ತಾರೆ. ಶಹಾಪುರ, ಸುರಪುರದ ಓಣಿಗಳಲ್ಲಿ ಸಾಲದ ಕಂತು, ಉಳಿತಾಯದ ಲೆಕ್ಕವನ್ನು ಪೈಸೆ ತಪ್ಪದಂತೆ ಇಡುವ ಸಂಘಗಳು ಎಷ್ಟೋ ಇವೆ. ಬಿಲ್ಲು ಮುಟ್ಟಿಸಿ, ಓದಿ ಹೇಳಿ, ಮೊಬೈಲಿನಲ್ಲಿ ಕಟ್ಟಿಸುವ ಕೆಲಸವನ್ನು ಅವರಿಗೆ ಬಿಲ್ಲಿಗಿಷ್ಟು ಎಂಬ ಸಂಭಾವನೆಗೆ ಒಪ್ಪಿಸಬಹುದು. ಮಹಿಳೆಯರು ಮನೆಯ ಒಳಗೆ ಕುಳಿತು ಮಾತಾಡಬಲ್ಲರು. ವಾರಂಟು ಹಿಡಿದ ನೌಕರನಿಗೆ ಅದು ಆಗದು.

ಬಿಗಿ ಎಲ್ಲಿ ಬೇಕು

ಇಷ್ಟಾದ ಮೇಲೂ ಕಟ್ಟದವರ ಮೇಲೆ ಕಾನೂನು ಓಡಲೇಬೇಕು. ಬಿಲ್ಲು, ಗಡುವು ಮೀರಿದರೆ ಬೇಡಿಕೆ ನೋಟಿಸು, ಅದಕ್ಕೂ ಬಗ್ಗದಿದ್ದರೆ ವಾರಂಟು, ಚರಾಸ್ತಿ ಜಪ್ತಿ, ಹರಾಜು. ಈ ಅಧಿಕಾರ ನಗರಸಭೆಗೆ ಮೊದಲಿಂದಲೂ ಇದೆ, ಬಳಕೆಯಲ್ಲಿ ಅಪರೂಪ. ಸಣ್ಣ ಊರಿನಲ್ಲಿ ದೊಡ್ಡ ಬಾಕಿದಾರರು ಯಾರೆಂದು ಎಲ್ಲರಿಗೂ ಗೊತ್ತು, ಅವರಲ್ಲಿ ಕೆಲವರು ಸಭೆಯ ಸದಸ್ಯರಿಗೆ ಬೇಕಾದವರೂ ಆಗಿರುತ್ತಾರೆ. ಹಾಗಾಗಿ ನೋಟಿಸು ಹೋಗುವುದು ಮೂರು ಸಾವಿರ ಬಾಕಿಯ ಮನೆಗೆ, ಮೂರು ಲಕ್ಷ ಬಾಕಿಯ ಕಟ್ಟಡಕ್ಕೆ ಅಲ್ಲ. ಈ ಕ್ರಮ ತಲೆಕೆಳಗಾಗಬೇಕು. ವಾಣಿಜ್ಯ ಸಂಕೀರ್ಣ, ಹತ್ತಿ ಜಿನ್ನಿಂಗ್ ಮಿಲ್ಲು, ಅಕ್ಕಿ ಗಿರಣಿ, ಲಾಡ್ಜು, ಕಲ್ಯಾಣ ಮಂಟಪ, ಖಾಸಗಿ ಶಾಲೆ ಈ ಸಾಲಿನ ಮೊದಲ ನೂರು ಬಾಕಿಗಳನ್ನು ಮೊತ್ತದ ಇಳಿಕೆಯ ಕ್ರಮದಲ್ಲಿ ಬರೆದು, ಅಲ್ಲಿಂದ ಆರಂಭಿಸಬೇಕು. ಉದ್ದಿಮೆ ಪರವಾನಗಿ ನವೀಕರಣಕ್ಕೆ ಬಂದಾಗ ಬಾಕಿಯ ವಿಚಾರ ಎತ್ತಲು ಯಾರ ಅಡ್ಡಿಯೂ ಇಲ್ಲ. ನಗರಸಭೆಯದೇ ಮಳಿಗೆಗಳ ಬಾಡಿಗೆ ಬಾಕಿ ಇದ್ದರೆ ಅದನ್ನು ಮೊದಲು ಎತ್ತಬೇಕು. ತನ್ನ ಬಾಡಿಗೆಯನ್ನೇ ಕೇಳದ ಮಾಲೀಕನಿಗೆ ಊರವರ ಕರ ಕೇಳುವ ನೈತಿಕತೆ ಇರುವುದಿಲ್ಲ.

ಅಹಮದಾಬಾದ್ ಇದನ್ನು ಮಾಡಿ ತೋರಿಸಿದ ನಗರ. 1990ರ ದಶಕದ ನಡುವಿನಲ್ಲಿ ನಷ್ಟದಲ್ಲಿದ್ದ ಆ ಪಾಲಿಕೆ, ಆಯುಕ್ತ ಕೇಶವ ವರ್ಮಾ ಅವರ ಕಾಲದಲ್ಲಿ ದೊಡ್ಡ ಬಾಕಿದಾರರಿಂದ ವಸೂಲಿಗೆ ಇಳಿಯಿತು, ಹೆಸರು ಪ್ರಕಟಿಸಿತು. 1998ರಲ್ಲಿ ರಾಜ್ಯ ಸರ್ಕಾರದ ಖಾತರಿಯಿಲ್ಲದೆ 100 ಕೋಟಿ ರೂಪಾಯಿ ಬಾಂಡ್ ಮಾರುವಷ್ಟು ಅದರ ಹಣಕಾಸು ಸುಧಾರಿಸಿತು. 2006ರಲ್ಲಿ ಪಟ್ನಾ ಪಾಲಿಕೆ ಹಿಡಿದ ದಾರಿ ಬೇರೆ: ಬಾಕಿದಾರರ ಅಂಗಡಿ ಮುಂದೆ ಹಾಡಿ ಕುಣಿಯಲು ಹಿಜಡಾ ಸಮುದಾಯದವರನ್ನು ನೇಮಿಸಿತು. ಬಾಕಿದಾರರ ಮನೆ ಮುಂದೆ ತಮಟೆ, ಬ್ಯಾಂಡು ಬಾರಿಸುವ ಕ್ರಮ ಬೇರೆ ಊರುಗಳಲ್ಲೂ ನಡೆದಿದೆ. ಸುದ್ದಿಯಾಗಲು ಇದು ಸಾಕು, ಆಡಳಿತಕ್ಕೆ ಶೋಭೆಯಲ್ಲ. ಒಂದು ಸಮುದಾಯದ ಇರುವಿಕೆಯನ್ನೇ ಇನ್ನೊಬ್ಬರಿಗೆ ಅವಮಾನವಾಗಿ ಬಳಸುವುದು ಎರಡೂ ಕಡೆಯವರ ಘನತೆಗೆ ಪೆಟ್ಟು. ಕುಡಿಯುವ ನೀರಿನ ನಲ್ಲಿ ಕತ್ತರಿಸುವುದೂ ಅಂಥದ್ದೇ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಯಾದಗಿರಿಯಲ್ಲಿ ಅದು ಶಿಕ್ಷೆಯಾಗುತ್ತದೆ, ಮತ್ತು ಅನುಭವಿಸುವವರು ಮನೆಯ ಹೆಂಗಸರು, ಮಕ್ಕಳು.

ದಂಡ ಮನ್ನಾ ಮಾಡುವ ಒಂದು ಬಾರಿಯ ತೀರುವಳಿ ಆಡಳಿತಗಾರರಿಗೆ ಬಲು ಪ್ರಿಯ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2024ರಲ್ಲಿ ಬಡ್ಡಿ ಮನ್ನಾ ಮತ್ತು ದಂಡದಲ್ಲಿ ರಿಯಾಯಿತಿ ಕೊಟ್ಟು, ಗಡುವು ವಿಸ್ತರಿಸಿ ನವೆಂಬರ್ 30ಕ್ಕೆ ನಿಲ್ಲಿಸಿತು. ಪಕ್ಕದ ಹೈದರಾಬಾದ್ ಬಾಕಿಯ ಬಡ್ಡಿಯಲ್ಲಿ ಶೇ 90 ಮನ್ನಾ ಮಾಡುವ ಯೋಜನೆಯನ್ನು 2020ರಿಂದ ಮತ್ತೆ ಮತ್ತೆ ತಂದಿದೆ. ಮೊದಲ ಬಾರಿಗೆ ಹಣ ಬರುತ್ತದೆ, ಸಂಶಯವಿಲ್ಲ. ಮತ್ತೆ ಮತ್ತೆ ಕೊಟ್ಟರೆ ಏಪ್ರಿಲ್‌ನಲ್ಲಿ ಸಾಲಿನಲ್ಲಿ ನಿಂತು ಕಟ್ಟಿದವರಿಗೆ ತಾವು ಮೋಸಹೋದೆವೆಂಬ ಭಾವನೆ ಬರುತ್ತದೆ. ಶೇ 24ರ ದಂಡ ಬಡವರ ಪಾಲಿಗೆ ಭಾರವೆಂಬುದು ನಿಜವಾದರೆ ದಂಡದ ದರವನ್ನೇ ಶಾಶ್ವತವಾಗಿ ಇಳಿಸಬೇಕು, ಹಳೆಯ ಬಾಕಿಗೆ ಕಂತು ಕೊಡಬೇಕು. ಮನ್ನಾ ಎಂಬುದು ಪಟ್ಟಿ ಶುದ್ಧೀಕರಣದ ಜೊತೆ ಒಂದೇ ಬಾರಿ ಬರಲಿ.

ಸರ್ಕಾರವೂ ಬಾಕಿದಾರನೇ. ಸಂವಿಧಾನದ 285ನೇ ವಿಧಿಯಂತೆ ಕೇಂದ್ರದ ಆಸ್ತಿಗೆ ತೆರಿಗೆಯಿಲ್ಲ. ಆದರೆ 2009ರಲ್ಲಿ ರಾಜ್‌ಕೋಟ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಪ್ಪಿತವಾದಂತೆ, ಸ್ಥಳೀಯ ಸಂಸ್ಥೆಯ ಸೇವೆ ಬಳಸುವ ಪ್ರಮಾಣ ನೋಡಿ ಆಸ್ತಿ ತೆರಿಗೆಯ ಶೇ 75, 50 ಅಥವಾ 33.33ರಷ್ಟು ಸೇವಾ ಶುಲ್ಕ ಕೊಡಬೇಕು. ರೈಲು ನಿಲ್ದಾಣ, ಅಂಚೆ ಕಚೇರಿ ಇರುವ ಪ್ರತಿ ಊರಿಗೂ ಇದು ಅನ್ವಯ. ಮುಂಬೈ–ಚೆನ್ನೈ ಮಾರ್ಗದ ಹಳೆಯ ನಿಲ್ದಾಣವಿರುವ ಯಾದಗಿರಿ ನಗರಸಭೆ ಈ ಬೇಡಿಕೆಯನ್ನು ಪ್ರತಿವರ್ಷ ಬರೆದು ಕಳಿಸಬೇಕು.

ಹಳ್ಳಿಗಳ ಮಾತು

ಜಿಲ್ಲೆಯ ಐದರಲ್ಲಿ ನಾಲ್ಕು ಪಾಲು ಜನ ಹಳ್ಳಿಗಳಲ್ಲಿದ್ದಾರೆ. 1993ರ ಪಂಚಾಯತ್ ರಾಜ್ ಅಧಿನಿಯಮದಡಿ ಗ್ರಾಮ ಪಂಚಾಯಿತಿಗೂ ಕಟ್ಟಡ, ನಿವೇಶನಗಳ ಮೇಲೆ ಕರ ಹಾಕುವ ಅಧಿಕಾರವಿದೆ, ಇ-ಸ್ವತ್ತು ಮೂಲಕ ನಮೂನೆ 9, 11 ಸಿಗುತ್ತವೆ. ಕಡೇಚೂರು ಕೈಗಾರಿಕಾ ಪ್ರದೇಶದಂಥ ಜಾಗ ಇರುವ ಪಂಚಾಯಿತಿಗಳಿಗೆ ದೊಡ್ಡ ಆದಾಯದ ಸಾಧ್ಯತೆಯಿದೆ, ಉಳಿದವಕ್ಕೆ ಸಣ್ಣ ಮನೆಗಳ ಸಣ್ಣ ಕರವೇ ಗತಿ. ವಿಧಾನ ಮಾತ್ರ ಒಂದೇ: ಪಟ್ಟಿ, ಬಿಲ್ಲು, ಹೊತ್ತು, ರಸೀದಿ.

ಕರ ಎತ್ತುವುದಕ್ಕೆ ಈಗ ಹೊರಗಿನ ಒತ್ತಡವೂ ಇದೆ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ನಗರಗಳ ಅನುದಾನಕ್ಕೆ ಆಸ್ತಿ ತೆರಿಗೆಯ ಬಗ್ಗೆ ಎರಡು ಷರತ್ತು ಹಾಕಿತು. ರಾಜ್ಯವು ಆಸ್ತಿ ತೆರಿಗೆಯ ಕನಿಷ್ಠ ದರ ಪ್ರಕಟಿಸಬೇಕು, ಸಂಗ್ರಹವು ರಾಜ್ಯದ ಆರ್ಥಿಕತೆಯ ಬೆಳವಣಿಗೆಗೆ ತಕ್ಕಂತೆ ಏರುತ್ತಿರಬೇಕು. 2016–17ರ ಕೇಂದ್ರ ಆರ್ಥಿಕ ಸಮೀಕ್ಷೆ ಉಪಗ್ರಹ ಚಿತ್ರಗಳನ್ನು ಬಳಸಿ, ಬೆಂಗಳೂರು, ಜೈಪುರದಂಥ ದೊಡ್ಡ ನಗರಗಳೇ ಬರಬಹುದಾದ ಆಸ್ತಿ ತೆರಿಗೆಯ ಶೇ 5ರಿಂದ 20ರಷ್ಟನ್ನು ಮಾತ್ರ ಪಡೆಯುತ್ತಿವೆ ಎಂದಿತ್ತು. ಕಲ್ಯಾಣ ಕರ್ನಾಟಕಕ್ಕೆ 371(ಜೆ) ವಿಧಿಯಡಿ ವಿಶೇಷ ಅನುದಾನ ಬರುತ್ತದೆ, ಬರಬೇಕು ಕೂಡ. ಶತಮಾನದ ಹಿಂದುಳಿಕೆಯನ್ನು ಮನೆ ಕರದಿಂದ ತುಂಬಲಾಗದು. ಆದರೆ ಅನುದಾನದಲ್ಲಿ ಕಟ್ಟಿದ ನೀರಿನ ಟ್ಯಾಂಕನ್ನು ನಡೆಸುವ ಖರ್ಚು ಊರಿನದೇ.

ಈ ಮೂರು ನಗರಸಭೆಗಳ ಪೌರಾಯುಕ್ತರು, ಸದಸ್ಯರು ನಾಳೆಯೇ ಮಾಡಬಹುದಾದ ಒಂದು ಕೆಲಸವಿದೆ. ವಾರ್ಡ್‌ವಾರು ಬೇಡಿಕೆ, ವಸೂಲಿ, ಬಾಕಿಯ ಪಟ್ಟಿಯನ್ನೂ, ಆ ವಾರ್ಡಿನಲ್ಲಿ ಕಳೆದ ವರ್ಷ ಸ್ವಂತ ನಿಧಿಯಿಂದ ಆದ ಕೆಲಸಗಳ ಪಟ್ಟಿಯನ್ನೂ ಒಂದೇ ಹಾಳೆಯಲ್ಲಿ ಅಚ್ಚುಹಾಕಿಸಿ, ಏಪ್ರಿಲ್ 1ಕ್ಕೆ ಮೊದಲು ಪ್ರತಿ ಓಣಿಯ ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಗ್ರಂಥಾಲಯದ ಗೋಡೆಗೆ ಹಚ್ಚಲಿ. ಓದುಗರು ತಮ್ಮ ಮನೆಯ ಖಾತೆ ಯಾರ ಹೆಸರಿನಲ್ಲಿದೆ, ಕೊನೆಯ ರಸೀದಿ ಯಾವ ವರ್ಷದ್ದು ಎಂದು ಈ ವಾರವೇ ತೆಗೆದು ನೋಡಲಿ, ತಪ್ಪಿದ್ದರೆ ತಿದ್ದುಪಡಿಗೆ ಅರ್ಜಿ ಕೊಡಲಿ.